ನೀರುನಾಯಿಯ ಆಹಾರಪಟ್ಟಿಯಲ್ಲಿ ಜಿಂಕೆ: ಒಂದು ಜಪಾನಿ ಅನುವಾದ ಸೇವೆಯ ವಿಮರ್ಶೆ

ಜಪಾನಿನ ಶಿಕೊಕು ದ್ವೀಪದ ನೀರುನಾಯಿಗಳ ಬಗ್ಗೆ ಐದಾರು ದಶಕಗಳ ಹಿಂದೆ ಜಪಾನಿ ಭಾಷೆಯಲ್ಲಿ ಬರೆದ ಒಂದು ಕ್ಷೇತ್ರ ವರದಿಯನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವಂತೆ ಬೆಂಗಳೂರಿನ ಒಂದು ಅನುವಾದ ಸಂಸ್ಥೆಗೆ ಕೊಟ್ಟಿದ್ದೆ. 22 ಪುಟಗಳ ಸ್ಕ್ಯಾನ್ ಪ್ರತಿ, ಮೂರು ವಾರಗಳ ಗಡುವು, ಮೂಲದ ಅಕ್ಷರಗಳನ್ನು ಎಣಿಸಿ ಹಾಕಿದ ದರ, ಒಟ್ಟು 26 ಸಾವಿರ ರೂಪಾಯಿ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ದೋಷಗಳು ಅದೊಂದೇ ಸಂಸ್ಥೆಗೆ ಸೇರಿದವಲ್ಲ, ಜಪಾನಿ ಪ್ರಾಣಿನಾಮಗಳನ್ನು ಸಾಮಾನ್ಯ ಪದಗಳೆಂದು ಭಾವಿಸಿ ನಿಘಂಟು ತೆರೆಯುವ ಯಾರಿಗೂ ಆಗಬಹುದಾದ ದೋಷಗಳು. ಅದೇ ಸಂಸ್ಥೆ ಎರಡನೆಯ ಬಾರಿಗೆ ಮಾಡಿಕೊಟ್ಟ ಕೆಲಸ ಬಹಳ ಚೆನ್ನಾಗಿತ್ತು ಎಂಬುದನ್ನೂ ಮೊದಲೇ ಹೇಳಬೇಕು.

ಇಂಥ ಹಳೆಯ ವರದಿ ನಮಗೇಕೆ ಬೇಕಾಯಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ತುಂಗಭದ್ರಾ ನದಿಯ ಸುಮಾರು 34 ಕಿಲೋಮೀಟರ್ ಉದ್ದದ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೇಶದಲ್ಲಿ ನೀರುನಾಯಿಗಾಗಿಯೇ ಆದ ಮೊದಲ ಸಂರಕ್ಷಿತ ಪ್ರದೇಶ ಅದು. ನಾವು ಕೆಲವರು ಅಲ್ಲಿನ ಬಂಡೆಗಳ ಮೇಲೆ ಬಿದ್ದ ಹಿಕ್ಕೆಯನ್ನು ತೊಳೆದು, ಜರಡಿ ಹಿಡಿದು, ಅದರಲ್ಲಿ ಉಳಿದ ಹುರುಪೆ, ಮುಳ್ಳು, ಏಡಿಯ ಚಿಪ್ಪುಗಳಿಂದ ಪ್ರಾಣಿ ಏನು ತಿಂದಿತೆಂದು ಗುರುತಿಸುವ ಕೆಲಸ ಮಾಡುತ್ತೇವೆ. ಇದೇ ಕೆಲಸವನ್ನು ಶಿಕೊಕುವಿನ ಹೊಳೆಗಳ ದಂಡೆಯಲ್ಲಿ ಮಾಡಿದವರು ಬರೆದಿಟ್ಟ ಆಹಾರಪಟ್ಟಿ ನಮಗೆ ಹೋಲಿಕೆಗೆ ಬೇಕಿತ್ತು. ಆದರೆ ಜಪಾನಿನ ಆ ನೀರುನಾಯಿ ಈಗಿಲ್ಲ. 1965ರಲ್ಲಿ ಅದಕ್ಕೆ ವಿಶೇಷ ನೈಸರ್ಗಿಕ ಸ್ಮಾರಕದ ಸ್ಥಾನ ಸಿಕ್ಕಿತು, 1979ರಲ್ಲಿ ಕೊಚಿ ಪ್ರಾಂತ್ಯದ ಒಂದು ನದಿಯಲ್ಲಿ ಕಂಡದ್ದೇ ಖಚಿತವಾದ ಕೊನೆಯ ದಾಖಲೆಯಾಯಿತು, 2012ರಲ್ಲಿ ಅಲ್ಲಿನ ಪರಿಸರ ಸಚಿವಾಲಯ ಅದು ನಿರ್ನಾಮವಾಯಿತೆಂದು ಘೋಷಿಸಿತು. ಅಂದಮೇಲೆ ಅನುವಾದದಲ್ಲಿ ಒಂದು ಹೆಸರು ತಪ್ಪಾದರೆ, ಮತ್ತೆ ಹೊಳೆಗೆ ಹೋಗಿ ನೋಡಿ ತಿದ್ದಿಕೊಳ್ಳೋಣವೆಂದರೆ ಆ ಪ್ರಾಣಿಯೇ ಇಲ್ಲ. ಆ ಕಾಲದವರು ಬರೆದಿಟ್ಟ ಪದಗಳಷ್ಟೇ ಉಳಿದಿವೆ.

ಮೊದಲ ಕಂತಿನ ಅನುವಾದ ಹೇಳಿದ ದಿನಕ್ಕೇ ಬಂತು. ಭಾಷೆ ಸುಲಲಿತವಾಗಿತ್ತು, ನಕ್ಷೆಗಳ ಅಡಿಬರಹಗಳನ್ನೂ ಬಿಟ್ಟಿರಲಿಲ್ಲ. ಹದಿನೇಳನೆಯ ಪುಟದವರೆಗೆ ನಾನು ಸಂತೋಷದಿಂದಲೇ ಓದಿದೆ. ಆ ಪುಟದಲ್ಲಿ, ಹೊಳೆಯ ದಂಡೆಯ ಹಳ್ಳಿಯವರೊಬ್ಬರ ಮಾತನ್ನು ಉಲ್ಲೇಖಿಸಿದ ಕಡೆ, ನೀರುನಾಯಿ ರಾತ್ರಿ ಹೊತ್ತು ಕಲ್ಲುಗಳ ಸಂದಿಯಿಂದ ಹೊಳೆಯ ಜಿಂಕೆಯನ್ನು ಹಿಡಿದು ತಿನ್ನುತ್ತದೆ ಎಂದಿತ್ತು. ಹತ್ತು ಕಿಲೋ ಆಸುಪಾಸಿನ, ಮೀನು ತಿಂದು ಬದುಕುವ ಪ್ರಾಣಿಯೊಂದು ಕಲ್ಲಿನ ಸಂದಿಯಿಂದ ಜಿಂಕೆಯನ್ನು ಎಳೆದು ತೆಗೆಯುವುದು ಸಾಧ್ಯವಿಲ್ಲ. ಮೂಲವನ್ನು ತೆಗೆದು, ಜಪಾನಿ ಬಲ್ಲ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಅಲ್ಲಿದ್ದದ್ದು ಎರಡು ಕಾಂಜಿ ಅಕ್ಷರಗಳು, ಅಂದರೆ ಚೀನೀ ಮೂಲದ, ಒಂದೊಂದೂ ಅರ್ಥ ಹೊತ್ತ ಅಕ್ಷರಗಳು. ಮೊದಲನೆಯದರ ಅರ್ಥ ಹೊಳೆ, ಎರಡನೆಯದರ ಅರ್ಥ ಜಿಂಕೆ. ಎರಡೂ ಕೂಡಿದರೆ ಓದುವುದು ಕಾಜಿಕ ಎಂದು, ಮತ್ತು ಅದು ಒಂದು ಕಪ್ಪೆ. ಗಂಡುಕಪ್ಪೆಯ ಕೂಗು ಜಿಂಕೆಯ ಕೂಗನ್ನು ಹೋಲುವುದರಿಂದ ಬಂದ ಹೆಸರೆಂದು ಹೇಳುತ್ತಾರೆ. ಹರಿಯುವ ತಿಳಿನೀರಿನ ಹೊಳೆಗಳಲ್ಲಿ ಬದುಕುವ ಈ ಕಪ್ಪೆಯ ವೈಜ್ಞಾನಿಕ ಹೆಸರು ಬ್ಯೂರ್ಗೇರಿಯಾ ಬ್ಯೂರ್ಗೇರಿ. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಹಾರುವ ಕಪ್ಪೆ ಸೇರಿದ ಕುಟುಂಬವೇ ಅದರದೂ.

ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರದಿಯ ಆಹಾರಪಟ್ಟಿಯಲ್ಲಿ ಕಾಜಿಕ ಎಂಬ ಹೆಸರು ಇನ್ನೊಮ್ಮೆ ಬರುತ್ತದೆ, ಆದರೆ ಅಲ್ಲಿ ಕಾಂಜಿಯಲ್ಲಲ್ಲ, ಉಚ್ಚಾರವನ್ನಷ್ಟೇ ತೋರಿಸುವ ಕಟಕಾನಾ ಲಿಪಿಯಲ್ಲಿದೆ. ಹಾಗೆ ಕಟಕಾನಾದಲ್ಲಿ ಬರೆದ ಕಾಜಿಕ ಕಪ್ಪೆಯಲ್ಲ, ಹೊಳೆಯ ತಳದಲ್ಲಿ ಕಲ್ಲುಗಳ ನಡುವೆ ಇರುವ ಕಾಟಸ್ ಪಾಲಕ್ಸ್ ಎಂಬ ಮೀನು. ಕಪ್ಪೆಯ ಪ್ರಮಾಣಿತ ಹೆಸರು ಕಾಜಿಕಗಾಎರು, ಅಂದರೆ ಕಾಜಿಕ ಕಪ್ಪೆ. ಒಂದೇ ವರದಿಯಲ್ಲಿ ಒಂದೇ ಉಚ್ಚಾರದ ಎರಡು ಪ್ರಾಣಿಗಳು, ಒಂದು ಹಳ್ಳಿಯವರ ಬಾಯಿಯಲ್ಲಿ, ಇನ್ನೊಂದು ವಿಜ್ಞಾನಿಯ ಕೋಷ್ಟಕದಲ್ಲಿ. ಯಾವ ಲಿಪಿಯಲ್ಲಿದೆ, ಯಾರ ಮಾತಿನಲ್ಲಿದೆ ಎಂಬುದನ್ನು ನೋಡದೆ ಇವೆರಡನ್ನೂ ಬಿಡಿಸಲು ಬರುವುದಿಲ್ಲ.

ಜಪಾನಿ ವೈಜ್ಞಾನಿಕ ಬರವಣಿಗೆಯ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರತಿಯೊಂದು ಪ್ರಭೇದಕ್ಕೂ ಅಲ್ಲಿ ವಮೇಯ್, ಅಂದರೆ ಜಪಾನಿ ಹೆಸರು, ಇರುತ್ತದೆ. ಅವುಗಳಲ್ಲಿ ವಿದ್ವಾಂಸರು ಒಂದು ಪ್ರಭೇದಕ್ಕೆ ಒಂದೇ ಎಂದು ಬಳಸುವ ಹೆಸರನ್ನು ಹ್ಯೋಜುನ್ ವಮೇಯ್, ಪ್ರಮಾಣಿತ ಹೆಸರು, ಎನ್ನುತ್ತಾರೆ, ಅದನ್ನು ಕಟಕಾನಾದಲ್ಲಿ ಬರೆಯುತ್ತಾರೆ. ಲ್ಯಾಟಿನ್ ಹೆಸರುಗಳಿಗೆ ಇರುವಂಥ ಅಂತಾರಾಷ್ಟ್ರೀಯ ನಿಯಮಸಂಹಿತೆ ಇದಕ್ಕಿಲ್ಲ, ಬಳಕೆಯೇ ಅದರ ಆಧಾರ. ಆದರೂ ಬಹಳ ಸಲ ಅದು ಲ್ಯಾಟಿನ್ ಹೆಸರಿಗಿಂತ ಸ್ಥಿರವಾಗಿರುತ್ತದೆ. ಉಗುಯಿ ಎಂಬ ಹೊಳೆಮೀನು ಒಂದು ಕಾಲಕ್ಕೆ ಟ್ರಿಬೊಲೊಡಾನ್ ಕುಲದಲ್ಲಿತ್ತು, ಈಗ ಸ್ಯೂಡಾಸ್ಪಿಯಸ್ ಕುಲಕ್ಕೆ ಹೋಗಿದೆ. ಜಪಾನಿಯವರಿಗೆ ಅದು ಅಂದೂ ಉಗುಯಿ, ಇಂದೂ ಉಗುಯಿ. ಪ್ರಮಾಣಿತ ಹೆಸರುಗಳೇ ಬದಲಾದ ಸಂದರ್ಭಗಳೂ ಇವೆ. 2007ರಲ್ಲಿ ಜಪಾನಿನ ಮತ್ಸ್ಯಶಾಸ್ತ್ರ ಸಂಘವು ಅಂಗವಿಕಲರನ್ನು ಅವಮಾನಿಸುವ ಪದಗಳಿದ್ದ ಮೀನಿನ ಹೆಸರುಗಳನ್ನು ಕೈಬಿಟ್ಟು ಹೊಸ ಹೆಸರುಗಳನ್ನು ಕೊಟ್ಟಿತು. ಕುರುಡು ಎಂಬ ಪದ ಸೇರಿದ್ದ ಮೆಕುರಾಉನಗಿ ಆಗ ಹೊಸೊನುತಾಉನಗಿ ಆಯಿತು. ಹಳೆಯ ವರದಿಯನ್ನು ಅನುವಾದಿಸುವವರು ಹೊಸ ಪಟ್ಟಿಯೊಂದನ್ನೇ ತೆರೆದು ಕೂತರೆ ಅಂಥ ಹೆಸರು ಅವರಿಗೆ ಸಿಗುವುದೇ ಇಲ್ಲ.

ಜಿಂಕೆ ಕಣ್ಣಿಗೆ ಬಿದ್ದ ಮೇಲೆ ಅನುವಾದವನ್ನು ಮೊದಲಿಂದ ಮತ್ತೆ ಓದಿದೆ. ಆಗ ಸಿಕ್ಕ ತಪ್ಪುಗಳಲ್ಲಿ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಜಿಂಕೆಯಲ್ಲ, ಒಂದು ಮೀನು. ಅನುವಾದದಲ್ಲಿ ನೀರುನಾಯಿಯ ಮುಖ್ಯ ಆಹಾರಗಳಲ್ಲಿ ಕ್ಯಾಟ್‌ಫಿಶ್ ಎಂದಿತ್ತು. ಮೂಲದಲ್ಲಿದ್ದ ಕಾಂಜಿ ಅಕ್ಷರಕ್ಕೆ ಚೀನೀ ಭಾಷೆಯಲ್ಲಿ ಆ ಅರ್ಥ ಇರುವುದು ನಿಜ. ಜಪಾನಿಯಲ್ಲಿ ಅದೇ ಅಕ್ಷರವನ್ನು ಅಯು ಎಂದು ಓದುತ್ತಾರೆ, ಮತ್ತು ಅಯು ಬೇರೆಯೇ ಮೀನು: ಪ್ಲೆಕೋಗ್ಲಾಸಸ್ ಆಲ್ಟಿವೆಲಿಸ್, ಸಮುದ್ರದಿಂದ ಹೊಳೆಗೆ ಏರಿಬಂದು ಕಲ್ಲಿನ ಮೇಲಿನ ಪಾಚಿಯನ್ನು ಮೇಯುವ, ಹೆಚ್ಚಾಗಿ ಒಂದೇ ವರ್ಷ ಬದುಕುವ ಮೀನು. ಮೀಸೆಯುಳ್ಳ ಕ್ಯಾಟ್‌ಫಿಶ್‌ಗೆ ಜಪಾನಿಯವರು ನಮಜು ಎನ್ನುತ್ತಾರೆ, ಅದಕ್ಕೆ ಅವರೇ ರೂಪಿಸಿಕೊಂಡ ಪ್ರತ್ಯೇಕ ಅಕ್ಷರವಿದೆ. ಒಂದು ರಭಸದ ತಿಳಿನೀರಿನ ಮೀನು, ಇನ್ನೊಂದು ನಿಧಾನವಾಗಿ ಹರಿಯುವ ಕೆಸರುನೀರಿನದು. ಈ ಒಂದು ಅಕ್ಷರ ತಪ್ಪಿದರೆ ಆ ನೀರುನಾಯಿ ಹೊಳೆಯ ಯಾವ ಭಾಗದಲ್ಲಿ ಬೇಟೆಯಾಡುತ್ತಿತ್ತು ಎಂಬ ತೀರ್ಮಾನವೇ ತಲೆಕೆಳಗಾಗುತ್ತದೆ. ಆದರೆ ನಾನು ಮೊದಲ ಓದಿನಲ್ಲಿ ಇದನ್ನು ಗಮನಿಸಿರಲೇ ಇಲ್ಲ. ತುಂಗಭದ್ರೆಯ ನೀರುನಾಯಿಗಳು ಕ್ಯಾಟ್‌ಫಿಶ್ ತಿನ್ನುವುದನ್ನು ಬಲ್ಲ ನನಗೆ ಅಲ್ಲಿಯೂ ಹಾಗೇ ಇರುವುದು ಸಹಜವೆನಿಸಿತ್ತು, ಎರಡು ದೇಶಗಳ ಪಟ್ಟಿ ಹೊಂದುತ್ತಿದೆಯೆಂದು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡೂ ಇದ್ದೆ. ಜಿಂಕೆಯಂಥ ತಪ್ಪು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ನಾವು ನಿರೀಕ್ಷಿಸಿದ್ದಕ್ಕೆ ಒಪ್ಪುವ ತಪ್ಪು ಮಾತ್ರ ಹಾಗೆಯೇ ಉಳಿದು, ನಮ್ಮ ಪ್ರಬಂಧಕ್ಕೂ ಬಂದು ಕೂತಿರುತ್ತಿತ್ತು.

ಉಳಿದವನ್ನು ಬೇಗ ಹೇಳುತ್ತೇನೆ. ಹೊಳೆಯ ಇಲಿ ಎಂದು ಬಂದಿದ್ದ ಕವಾನೆಜುಮಿ ಇಲಿಯೇ ಅಲ್ಲ, ನೀರಿನಲ್ಲಿ ಬದುಕುವ ಮೂಗಿಲಿ (ಶ್ರೂ). ಜಪಾನಿಯ ನೆಜುಮಿ ಎಂಬ ಪದ ನಮ್ಮ ಸುಂಡಿಲಿ, ಹೆಗ್ಗಣಗಳಂಥವನ್ನೆಲ್ಲ ಒಳಗೊಳ್ಳುವುದಲ್ಲದೆ ಮೂಗಿಲಿ, ಮುಳ್ಳಿಲಿಗಳ ಹೆಸರಿನ ಬಾಲದಲ್ಲಿಯೂ ಸೇರಿಕೊಳ್ಳುತ್ತದೆ. ಹಿಮೆನೆಜುಮಿ ರಾಜಕುಮಾರಿ ಇಲಿಯಾಗಿತ್ತು. ಹಿಮೆ ಎಂದರೆ ರಾಜಕುಮಾರಿ ಹೌದು, ಆದರೆ ಪ್ರಾಣಿನಾಮದ ಮುಂದೆ ಬಂದಾಗ ಅದು ಚಿಕ್ಕದು ಎಂದು ಮಾತ್ರ ಹೇಳುತ್ತದೆ. ವರ್ಗೀಕರಣದ ಸಾಲಿನಲ್ಲಿ ನೆಕೊ-ಮೊಕು ಎಂದಿದ್ದನ್ನು ಅನುವಾದಕರು ಬೆಕ್ಕಿನ ಜಾತಿ ಎಂದು ಬರೆದಿದ್ದರು. ಅದು ಬೆಕ್ಕು, ನಾಯಿ, ಕರಡಿ, ನೀರುನಾಯಿಗಳೆಲ್ಲ ಸೇರುವ ಮಾಂಸಾಹಾರಿಗಳ ಗಣದ ಹೆಸರು. 1988ರಲ್ಲಿ ಪ್ರಕಟವಾದ ಸರ್ಕಾರಿ ಪ್ರಾಣಿಶಾಸ್ತ್ರ ಪಾರಿಭಾಷಿಕ ಕೋಶದ ಪರಿಷ್ಕೃತ ಆವೃತ್ತಿಯ ನಂತರ ಇಂಥ ಹೆಸರುಗಳು ಹೆಚ್ಚು ಬಳಕೆಗೆ ಬಂದವು, ವರದಿಯ ಸ್ಕ್ಯಾನ್ ಪ್ರತಿಗೆ ಗ್ರಂಥಾಲಯದವರು ಸೇರಿಸಿದ್ದ ಹೊಸ ಪರಿಚಯ ಪುಟದಲ್ಲಿ ಅದು ಇತ್ತು. ಇನ್ನೊಂದು ಕಡೆ ನೀರುನಾಯಿ ಇರಬೇಕಾದಲ್ಲಿ ನೀರುಕಾಗೆ ಬಂದಿತ್ತು. ಜಪಾನಿಯಲ್ಲಿ ನೀರುಕಾಗೆಗೆ ಕವಾಉ, ನೀರುನಾಯಿಗೆ ಕವಾಉಸೊ. ಲಂಬ ಸಾಲಿನ ಕೊನೆಯ ಅಕ್ಷರ ಮುಂದಿನ ಸಾಲಿನ ತಲೆಗೆ ಹೋಗಿತ್ತು, ಅನುವಾದಕರು ಅದನ್ನು ಬಿಟ್ಟು ಓದಿದ್ದರು.

ಇಂಥ ಹೆಸರುಗಳ ಗೊಂದಲ ಕನ್ನಡಿಗರಿಗೆ ಹೊಸದಾಗಿರಬಾರದು. ನಮ್ಮ ನೀರುನಾಯಿ ನಾಯಿಯಲ್ಲ, ನೀರುಕಾಗೆ ಕಾಗೆಯಲ್ಲ, ಮುಳ್ಳುಹಂದಿಯೂ ಚಿಪ್ಪುಹಂದಿಯೂ ಹಂದಿಗಳಲ್ಲ, ಮಲೆನಾಡಿನ ಹಾರುಬೆಕ್ಕು ಒಂದು ಅಳಿಲು. ಇವನ್ನು ಬಿಡಿಸಿ ಅನುವಾದ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾವು ಯೋಚಿಸದೆಯೇ ಬಲ್ಲೆವು. ನಮ್ಮ ಮುಳ್ಳುಹಂದಿಗೆ ಜಪಾನಿಯವರು ಯಮಾಅರಾಶಿ ಎನ್ನುತ್ತಾರೆ, ಕೇಳಿದರೆ ಬೆಟ್ಟದ ಬಿರುಗಾಳಿ ಎಂಬ ಅರ್ಥ ಬರುತ್ತದೆ. ನಮ್ಮ ತುಂಗಭದ್ರೆಯ ನೀರುನಾಯಿ ಅವರಲ್ಲಿ ಬಿರೋದೊ ಕವಾಉಸೊ, ಮಖಮಲ್ಲಿನ ನೀರುನಾಯಿ. ಕೊಡಗು, ಚಿಕ್ಕಮಗಳೂರಿನ ಹೊಳೆಗಳ ಚಿಕ್ಕ ನೀರುನಾಯಿ ಕೊತ್ಸುಮೆ ಕವಾಉಸೊ, ಸಣ್ಣ ಉಗುರಿನ ನೀರುನಾಯಿ. ಈ ಎರಡು ಹೆಸರು ಎಷ್ಟು ನೋಡಿ ಇಟ್ಟವೆಂದು ನಮ್ಮ ಹೊಳೆಗಳ ಆ ಪ್ರಾಣಿಗಳನ್ನು ಹತ್ತಿರದಿಂದ ಕಂಡವರಿಗೆ ಗೊತ್ತಾಗುತ್ತದೆ.

ಮುಜಿನ ಎಂಬ ಹೆಸರಿನ ವಿಷಯದಲ್ಲಿ ಮಾತ್ರ ನಾನು ಮೊದಲ ಅನುವಾದಕರನ್ನು ಪೂರ್ತಿಯಾಗಿ ದೂರಲಾರೆ. ದಂಡೆಯ ಮಣ್ಣಿನಲ್ಲಿ ಹೆಜ್ಜೆಗುರುತು ಬಿಟ್ಟ ಪ್ರಾಣಿಗಳ ಪಟ್ಟಿಯಲ್ಲಿ ತನುಕಿ, ಅನಗುಮ, ಇತಾಚಿಗಳ ಜೊತೆಗೆ, ಊರವರ ಹೇಳಿಕೆಯಂತೆ ಮುಜಿನ ಎಂದೂ ಇತ್ತು. ತನುಕಿ ನಾಯಿಯ ಕುಟುಂಬದ ಪ್ರಾಣಿ, ಇತಾಚಿ ವೀಸೆಲ್. ಅನಗುಮ ಬ್ಯಾಡ್ಜರ್, ಅಕ್ಷರಶಃ ಬಿಲದ ಕರಡಿ ಎಂದಾದರೂ ಕರಡಿಯಲ್ಲ. ಮುಜಿನ ಎಂದರೆ ಕೆಲವು ಊರುಗಳಲ್ಲಿ ತನುಕಿ, ಕೆಲವು ಊರುಗಳಲ್ಲಿ ಅನಗುಮ. ಈ ಹೆಸರು ಜಪಾನಿನ ಅಂದಿನ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿತ್ತು. 1924ರಲ್ಲಿ ತೊಚಿಗಿ ಪ್ರಾಂತ್ಯದ ಬೇಟೆಗಾರನೊಬ್ಬ ತನುಕಿಯ ಬೇಟೆ ನಿಷೇಧವಿದ್ದ ಕಾಲದಲ್ಲಿ ಅದನ್ನು ಕೊಂದನೆಂದು ಮೊಕದ್ದಮೆ ಎದುರಿಸಿದ. ತಾನು ಹಿಡಿದದ್ದು ಮುಜಿನ, ತನುಕಿಯಲ್ಲ ಎಂದು ಅವನು ನಂಬಿದ್ದ. ಎರಡೂ ಬೇರೆ ಪ್ರಾಣಿಗಳೆಂದು ಜನ ಹಿಂದಿನಿಂದಲೂ ಭಾವಿಸುತ್ತ ಬಂದಿರುವಾಗ ಅವನ ಮೇಲೆ ಅಪರಾಧ ಹೊರಿಸಲಾಗದೆಂದು 1925ರಲ್ಲಿ ನ್ಯಾಯಾಲಯ ಅವನನ್ನು ಬಿಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, ಮುಸಸಾಬಿ ಎಂಬ ಹಾರುವ ಅಳಿಲನ್ನು ತನ್ನೂರಿನ ಹೆಸರಾದ ಮೊಮ ಎಂದಷ್ಟೇ ತಿಳಿದು ಕೊಂದವನಿಗೆ ಅದೇ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿದಿತ್ತು. ಇಂಥ ಹೆಸರಿಗೆ ಅನುವಾದಕರು ಒಂದೇ ಇಂಗ್ಲಿಷ್ ಪದ ಕೊಟ್ಟು ಮುಂದೆ ಹೋಗುವುದು ಸರಿಯಲ್ಲ. ಮುಜಿನ ಎಂದೇ ಇಟ್ಟು, ಯಾವ ಪ್ರಾಣಿಯೆಂದು ಪಠ್ಯದಿಂದ ತಿಳಿಯುವುದಿಲ್ಲ ಎಂದು ಅಡಿಟಿಪ್ಪಣಿ ಹಾಕುವುದೇ ನಿಖರವಾದ ಅನುವಾದ.

ಹದಿನಾಲ್ಕು ಹೆಸರುಗಳಿಗೆ ಗುರುತು ಹಾಕಿ ಸಂಸ್ಥೆಗೆ ಪತ್ರ ಬರೆದೆ. ಅವರ ಉತ್ತರ ಪ್ರಾಮಾಣಿಕವಾಗಿತ್ತು. ಅವರಲ್ಲಿರುವ ಹೆಚ್ಚಿನ ಜಪಾನಿ ಅನುವಾದಕರು ವಾಹನ ಬಿಡಿಭಾಗಗಳ ಕೈಪಿಡಿ, ಕಾರ್ಖಾನೆಯ ಗುಣಮಟ್ಟ ವರದಿ, ಸಾಫ್ಟ್‌ವೇರ್ ದಾಖಲೆಗಳಲ್ಲಿ ಪಳಗಿದವರು. ಬೆಂಗಳೂರಿನಲ್ಲಿ ಜಪಾನಿ ಅನುವಾದದ ಬೇಡಿಕೆ ಇರುವುದೇ ಅಲ್ಲಿ. ಹಳೆಯ ಪ್ರಾಣಿಶಾಸ್ತ್ರದ ವರದಿಯನ್ನು ಹಾಗೆ ಕೊಡಬಾರದಿತ್ತು ಎಂದು ಒಪ್ಪಿಕೊಂಡು, ಜೀವಶಾಸ್ತ್ರ ಓದಿದ ಅನುವಾದಕಿಯೊಬ್ಬರಿಗೆ ಕೆಲಸವನ್ನು ಪೂರ್ತಿಯಾಗಿ ಮತ್ತೆ ವಹಿಸಿದರು. ಹೆಚ್ಚಿನ ಹಣ ಕೇಳಲಿಲ್ಲ. ಐದು ವಾರ ಹೆಚ್ಚು ಹಿಡಿಯಿತು.

ಎರಡನೆಯ ಕಂತಿನ ಜೊತೆಗೆ ಒಂದು ಕೋಷ್ಟಕ ಬಂದಿತ್ತು. ಈ ಸೇವೆಯಲ್ಲಿ ನಾನು ಅತ್ಯಂತ ಬೆಲೆಕೊಡುವುದು ಆ ಕೋಷ್ಟಕಕ್ಕೆ. ಪ್ರತಿಯೊಂದು ಪ್ರಾಣಿಯ ಹೆಸರೂ ಮೂಲದಲ್ಲಿ ಯಾವ ಪುಟದ ಯಾವ ಸಾಲಿನಲ್ಲಿ, ಯಾವ ಲಿಪಿಯಲ್ಲಿದೆ, ಅದರ ಉಚ್ಚಾರವೇನು, ಅದು ಪ್ರಮಾಣಿತ ಹೆಸರೋ ಊರಿನ ಹೆಸರೋ, ಲೇಖಕರು ಲ್ಯಾಟಿನ್ ಹೆಸರು ಕೊಟ್ಟಿದ್ದರೆ ಅದು ಯಾವುದು, ಈಗಿನ ಹೆಸರು ಯಾವುದು ಎಂದು ಬರೆದು, ಕೊನೆಯ ಅಂಕಣದಲ್ಲಿ ಅವರಿಗೆ ಅದು ಎಷ್ಟು ಖಚಿತ ಎಂದು ಹೇಳಿದ್ದರು. ಹಾಯ ಎಂಬ ಮೀನಿನ ಎದುರಿಗೆ, ಇದು ಉಗುಯಿಯೂ ಸೇರಿದಂತೆ ಹಲವು ಹೊಳೆಮೀನುಗಳಿಗೆ ಊರವರು ಬಳಸುವ ಹೆಸರು, ಪ್ರಭೇದ ಹೇಳಲಾಗದು ಎಂದಿತ್ತು. ಅನುವಾದದ ಒಳಗೆ ಪ್ರತಿ ಹೆಸರಿನ ಪಕ್ಕದಲ್ಲಿ ಮೊದಲ ಬಾರಿ ಬಂದಾಗ ಜಪಾನಿ ಉಚ್ಚಾರವನ್ನು ಉಳಿಸಿಕೊಂಡಿದ್ದರು, ಹಾಗಾಗಿ ಮುಂದೆ ಯಾರಾದರೂ ಅನುಮಾನಪಟ್ಟರೆ ಮೂಲಕ್ಕೆ ಮರಳುವ ದಾರಿ ತೆರೆದಿದೆ.

ಒಂದು ಆಕ್ಷೇಪ ಉಳಿಯಿತು. ಕೆಲವು ಕಡೆ ಲೇಖಕರು ಬರೆದಿದ್ದ ಹಳೆಯ ಲ್ಯಾಟಿನ್ ಹೆಸರನ್ನು ಅವರು ಅನುವಾದದ ಒಳಗೇ ಹೊಸ ಹೆಸರಿಗೆ ಬದಲಾಯಿಸಿದ್ದರು. ಉಗುಯಿಯ ವಿಷಯದಲ್ಲಿ ಅದರಿಂದ ಹೆಚ್ಚು ಹಾನಿಯಿಲ್ಲ. ನೀರುನಾಯಿಯ ವಿಷಯದಲ್ಲಿ ಹಾಗಲ್ಲ. ಜಪಾನಿನ ನೀರುನಾಯಿಯನ್ನು ಯೂರೇಷಿಯಾದ ನೀರುನಾಯಿಯ ಉಪಪ್ರಭೇದವೆಂದು ಎಣಿಸುತ್ತಿದ್ದರು. 1989ರಲ್ಲಿ ಲೂಟ್ರಾ ನಿಪ್ಪಾನ್ ಎಂದು ಪ್ರತ್ಯೇಕ ಪ್ರಭೇದವಾಗಿ ಹೆಸರಿಸಿದರು, ಆ ಬಗ್ಗೆ ಒಮ್ಮತವಿಲ್ಲ. ಅದಕ್ಕೂ ಬಹಳ ಮೊದಲು ಬರೆದ ಲೇಖಕರ ಬಾಯಲ್ಲಿ 1989ರ ಹೆಸರನ್ನು ಹಾಕಿದರೆ, ಅವರು ತಾಳದ ನಿಲುವನ್ನು ಅವರಿಗೆ ಅಂಟಿಸಿದಂತಾಗುತ್ತದೆ. ಇದನ್ನು ತಿಳಿಸಿದಾಗ ಅನುವಾದಕಿ ಎರಡೇ ದಿನದಲ್ಲಿ ಒಳಗಿನ ಹೆಸರುಗಳನ್ನು ಮೂಲದಂತೆ ಮಾಡಿ, ಈಗಿನ ಹೆಸರುಗಳನ್ನು ಕೋಷ್ಟಕಕ್ಕೆ ಮಾತ್ರ ಸೀಮಿತಗೊಳಿಸಿ ಕಳುಹಿಸಿದರು.

ಉಚಿತ ಯಂತ್ರಾನುವಾದ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದೇ ಪುಟಗಳನ್ನು ಅದರಲ್ಲಿಯೂ ಹಾಕಿ ನೋಡಿದೆ. ಕಟಕಾನಾದಲ್ಲಿರುವ ಪರಿಚಿತ ಹೆಸರುಗಳನ್ನು ಅದು ನಮ್ಮ ಮೊದಲ ಅನುವಾದಕ್ಕಿಂತ ಚೆನ್ನಾಗಿಯೇ ಗುರುತಿಸಿತು. ತನುಕಿಯಲ್ಲಿ, ಅನಗುಮದಲ್ಲಿ ಎಡವಲಿಲ್ಲ. ಹಳೆಯ ಕಾಂಜಿ, ಲಂಬ ಸಾಲು, ಊರಿನ ಹೆಸರುಗಳು ಬಂದಲ್ಲಿ ಅದು ನಿಲ್ಲದೆ ಏನಾದರೊಂದು ಪದ ಕೊಟ್ಟುಬಿಡುತ್ತಿತ್ತು, ಎಲ್ಲಿ ತಿಳಿದು ಬರೆದಿದೆ, ಎಲ್ಲಿ ಊಹಿಸಿದೆ ಎಂದು ಹೇಳುತ್ತಿರಲಿಲ್ಲ. ಹೊಸ ಪ್ರಬಂಧವೊಂದು ನಮಗೆ ಬೇಕೋ ಬೇಡವೋ ಎಂದು ನಿರ್ಧರಿಸಲು ಅದು ಸಾಕು. ಆಹಾರಪಟ್ಟಿಯನ್ನು ಅದರಿಂದ ತೆಗೆದುಕೊಂಡು ಪ್ರಕಟಿಸಲು ನಾನು ಒಪ್ಪುವುದಿಲ್ಲ. ಮೀನುಗಳ ಹೆಸರು ಮಾತ್ರ ತಾಳೆ ನೋಡಬೇಕಾದವರಿಗೆ ಫಿಶ್‌ಬೇಸ್ ಎಂಬ ಜಾಲತಾಣವಿದೆ, ಅದರಲ್ಲಿ ಜಪಾನಿ ಹೆಸರುಗಳಿಂದಲೂ ಹುಡುಕಬಹುದು. ಜಪಾನಿ ವಿದ್ವತ್ಪತ್ರಿಕೆಗಳ ಜೆ-ಸ್ಟೇಜ್ ತಾಣದಲ್ಲಿ ಅನೇಕ ಪ್ರಬಂಧಗಳಿಗೆ ಲೇಖಕರೇ ಬರೆದ ಇಂಗ್ಲಿಷ್ ಸಾರಾಂಶ ಸಿಗುತ್ತದೆ. ಅನುವಾದಕ್ಕೆ ಹಣ ಕೊಡುವ ಮೊದಲು ಅದನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಈ ಸೇವೆಯನ್ನು ನಾನು ಇತರರಿಗೆ ಹೇಳುತ್ತೇನೆಯೇ ಎಂದರೆ, ಹೇಳುತ್ತೇನೆ, ಒಪ್ಪಂದದಲ್ಲಿಯೇ ಹೆಸರುಗಳ ಕೋಷ್ಟಕವನ್ನು ಬರೆಸಿಕೊಳ್ಳುವುದಾದರೆ. ಅನುವಾದಕರು ಏನು ಓದಿದವರು ಎಂದು ಕೇಳಿಕೊಳ್ಳಬೇಕು. ಮೂಲದಲ್ಲಿ ಕಾಣುವ ಪ್ರಾಣಿಗಳ ಬಗ್ಗೆ ನಮಗೆ ಗೊತ್ತಿರುವುದನ್ನು ಕೆಲಸ ಕೊಡುವಾಗಲೇ ಬರೆದುಕೊಡಬೇಕು. ನಾನು ಮೊದಲ ಸಲ ಸ್ಕ್ಯಾನ್ ಪ್ರತಿಯನ್ನಷ್ಟೇ ಕಳುಹಿಸಿದ್ದೆ, ನೀರುನಾಯಿಯ ಆಹಾರದ ವರದಿ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ದರ ಕಡಿಮೆಯೇನಲ್ಲ, ಆದರೆ ಎರಡನೆಯ ಕಂತಿನ ಕೆಲಸಕ್ಕೆ ಅದು ನ್ಯಾಯವಾದ ದರ.

ಕಳೆದ ವಾರ ಇನ್ನೊಂದು ವರದಿಯನ್ನು ಅದೇ ಅನುವಾದಕಿಗೆ ಕೊಡುವಂತೆ ಕೇಳಿ ಕಳುಹಿಸಿದ್ದೇನೆ. ಅದರಲ್ಲಿ ಗೊರಿ ಎಂಬ ಮೀನು ಹನ್ನೊಂದು ಕಡೆ ಬರುತ್ತದೆ. ಕನಜಾವಾ ಊರಿನವರು ಗೊರಿ ಎಂದರೆ ಅದು ಕಾಜಿಕ ಮೀನು, ಕೊಚಿಯ ಶಿಮಾಂತೊ ನದಿಯ ದಂಡೆಯವರು ಗೊರಿ ಎಂದರೆ ಅದು ಬೇರೆ ಕುಟುಂಬದ ಪುಟ್ಟ ಮೀನು. ಕೆಲಸ ಶುರುಮಾಡುವ ಮೊದಲೇ ಅವರಿಂದ ಪತ್ರ ಬಂದಿದೆ: ಈ ಹೇಳಿಕೆಗಳನ್ನು ಯಾವ ಯಾವ ಊರಿನಲ್ಲಿ ಬರೆದುಕೊಂಡದ್ದೆಂದು ತಿಳಿಯಬೇಕು, ನಕ್ಷೆಯಿರುವ ಪುಟದ ಇನ್ನೂ ಸ್ಪಷ್ಟವಾದ ಸ್ಕ್ಯಾನ್ ಪ್ರತಿ ಇದ್ದರೆ ಕಳುಹಿಸಿ.